ಈಜು ಬಾರದ ಮಗಳು

ಭಾನುವಾರ ಬೆಳಗ್ಗೆ ಆರೂ ಮುಕ್ಕಾಲಿಗೆ ಮಗಳು ಕೆರೆಯಲ್ಲಿ ಈಜುತ್ತಿದ್ದಳು. ತನಗೆ ಈಜು ಬರುವುದಿಲ್ಲ ಎಂದು ಹಿಂದಿನ ದಿನ ಅವಳೇ ಅಪ್ಪನಿಗೆ ಹೇಳಿದ್ದಳು.

ಅವನು ಅದನ್ನು ನೋಡಿದ್ದು ಬಾಡಿಗೆಗೆ ತಂದ ಮನೆಗಾಡಿಯ ಒಲೆಯ ಮೇಲಿನ ಕಿಟಕಿಯಿಂದ. ಡ್ರೈವರ್ ಸೀಟಿನ ಮೇಲಿನ ಅಟ್ಟದಂಥ ಹಾಸಿಗೆಯಲ್ಲಿ, ಪರದೆಯ ಹಿಂದೆ, ಮಗಳು ಇನ್ನೂ ಮಲಗಿದ್ದಾಳೆಂದೇ ತಿಳಿದು ಸದ್ದಾಗದಂತೆ ಕಾಫಿಗೆ ನೀರಿಟ್ಟು ಕಪ್ಪುಗಳನ್ನು ಒಂದೊಂದಾಗಿ ಇಳಿಸುತ್ತಿದ್ದ. ಕಿಟಕಿಗೆ ಗಾಜಿರಲಿಲ್ಲ, ಗೀರು ಬಿದ್ದ ಪ್ಲಾಸ್ಟಿಕ್ಕಿತ್ತು. ಅದರಾಚೆ ಕೆರೆ, ಎದುರು ದಡದ ಮರಗಳು, ಕಟ್ಟಿಹಾಕಿದ ಎರಡು ದೋಣಿ, ನೀರಿನ ನಡುವೆ ಲಂಗರು ಹಾಕಿ ಬಿಟ್ಟ ಹಲಗೆಯ ತೆಪ್ಪ, ಎಲ್ಲವೂ ತುಸು ಸೊಟ್ಟಗೆ ಕಾಣುತ್ತಿದ್ದವು. ಯಾರದೋ ಮಗು ಅಂದುಕೊಂಡ. ಕೈಗಳು ಒಂದಾದ ಮೇಲೊಂದು ಅವಸರವಿಲ್ಲದೆ ನೀರಿಗೆ ಇಳಿಯುತ್ತಿದ್ದವು; ಎರಡು ಬೀಸಿಗೊಮ್ಮೆ ಮುಖ ಬಲಕ್ಕೆ ಹೊರಳಿ ಉಸಿರು ತೆಗೆದುಕೊಂಡು ಮತ್ತೆ ಮುಳುಗುತ್ತಿತ್ತು; ಕಾಲಿನ ಹಿಂದೆ ಹಿಡಿಯಷ್ಟು ನೊರೆ. ಇದು ತಾನಾಗಿ ಬಂದ ಈಜಲ್ಲ, ಯಾರೋ ಪಕ್ಕದಲ್ಲಿ ನಿಂತು ಬೇಸರವಿಲ್ಲದೆ ತಿದ್ದಿ ತೀಡಿ ಕಲಿಸಿದ್ದು ಎಂದು ಅವನಿಗೆ ಗೊತ್ತಾಯಿತು, ಆ ಯಾರೋ ಯಾರೆಂಬುದು ಇನ್ನೂ ಹೊಳೆಯದೆಯೇ ಆ ಕಲಿಸಿದವನ ಮೇಲೆ ಗೌರವ ಮೂಡಿತು. ಹುಡುಗಿ ತೆಪ್ಪ ಮುಟ್ಟಿ, ಒಂದೇ ನೆಗೆತಕ್ಕೆ ಮೇಲೆ ಹತ್ತಿ, ಬೆನ್ನು ಈಚೆ ಮಾಡಿ ಕೂತು ಕೂದಲು ಹಿಂಡಿಕೊಂಡಳು. ಎಡ ಹೆಗಲ ಕೆಳಗಿನ ಮಚ್ಚೆ ಅಷ್ಟು ದೂರದಿಂದ ಕಾಣುವಂಥದ್ದಲ್ಲ. ಅವನಿಗೆ ಕಂಡಿತು. ತಿರುಗಿ ಪರದೆ ಸರಿಸಿ ನೋಡಿದ. ಹಾಸಿಗೆಚೀಲ ಸುರುಳಿ ಸುತ್ತಿ, ಪಟ್ಟಿ ಬಿಗಿದು, ಮೂಲೆಗೆ ಒರಗಿಸಿ ಇಟ್ಟಿತ್ತು. ಅವನದು ಕೆಳಗೆ ನೆಲದ ಮೇಲೆ ಸತ್ತ ಪ್ರಾಣಿಯ ಹಾಗೆ ಬಾಯಿ ತೆರೆದು ಬಿದ್ದಿತ್ತು.

ನಿನ್ನೆ ಹೆದ್ದಾರಿ ಬಿಟ್ಟು ಕೆರೆಯ ದಾರಿಗೆ ತಿರುಗುವಲ್ಲಿ ಮಗಳು ತಟ್ಟನೆ ನೆಟ್ಟಗೆ ಕೂತದ್ದು ಈಗ ನೆನಪಾಯಿತು. ಎಲ್ಲಿಗೆಂದು ಅವನು ಅಲ್ಲಿಯತನಕ ಹೇಳಿರಲಿಲ್ಲ. ಚಿಕ್ಕ ಪಾರ್ಕು, ಇಪ್ಪತ್ತೋ ಇಪ್ಪತ್ತೈದೋ ಗಾಡಿ ನಿಲ್ಲುವ ಜಾಗ, ಯಾರಿಗೂ ಅಷ್ಟಾಗಿ ಗೊತ್ತಿಲ್ಲ ಎಂದು ಗಿರಾಕಿಯೊಬ್ಬರು ಹೇಳಿದ್ದನ್ನು ಗುಟ್ಟಿನಂತೆ ಕಾಪಾಡಿಕೊಂಡು ಬಂದಿದ್ದ. ಬೋರ್ಡು ಓದಿ ಅವಳು ಕೈ ತಟ್ಟಿ ಎಷ್ಟು ಚೆನ್ನಾಗಿದೆ ಅಂದಿದ್ದಳು, ಕೆರೆ ಇನ್ನೂ ಕಾಣುವುದಕ್ಕೆ ಮೊದಲೇ. ಗೇಟಿನಲ್ಲಿ ಟೋಪಿ ಮುಖದ ಮೇಲೆ ಎಳೆದುಕೊಂಡು ಬಗ್ಗಿ ಬೂಟಿನ ದಾರ ಕಟ್ಟತೊಡಗಿದ್ದಳು. ಗೇಟಿನವನು ಅವನ ಕಡೆಗೇ ನೋಡಿ, ಸ್ಟೀರಿಂಗನ್ನು ಹಸುಗೂಸು ಹಿಡಿದ ಹಾಗೆ ಹಿಡಿದಿದ್ದೀರಿ ಸಾರ್, ಅದೇನೂ ಅಳುವುದಿಲ್ಲ ಅಂದಿದ್ದ. ಹಿಮ್ಮುಖವಾಗಿ ಗಾಡಿ ಜಾಗಕ್ಕೆ ಸೇರಿಸುವಾಗ ಮಗಳು ಹೇಳುವ ಮೊದಲೇ ಇಳಿದು ಹಿಂದೆ ಹೋಗಿ, ಅವನ ಬದಿಯ ಕನ್ನಡಿಯಲ್ಲಿ ಕಾಣುವ ಹಾಗೆ ನಿಂತು, ಎರಡೂ ಕೈ ಎತ್ತಿ ಬಾ ಬಾ ಅಂದು, ಬಲಕ್ಕೆ ಅಂದು, ಮುಷ್ಟಿ ಕಟ್ಟಿ ನಿಲ್ಲು ಅಂದಿದ್ದಳು. ಯಾರು ಹೇಳಿಕೊಟ್ಟರು ಎಂದು ಕೇಳಿದರೆ ಸಿನಿಮಾದಲ್ಲಿ ನೋಡಿದ್ದೆ ಅಂದಳು. ನಂತರ ನೆಲ ಇಳಿಜಾರೆಂದು, ಗಾಡಿ ಸಮವಾಗಿ ನಿಲ್ಲಲಿ ಎಂದು, ಅವನು ಬೆಣೆಯಂಥ ಹಳದಿ ಪ್ಲಾಸ್ಟಿಕ್ಕಿನ ಆಪುಗಳನ್ನು ತೆಗೆದು ಮುಂದಿನ ಗಾಲಿಗಳ ಕೆಳಗಿಟ್ಟು ಗಾಡಿ ಹತ್ತಿಸಿದ. ಮಗಳು ಒಳಗಿನಿಂದ ಕರೆದು, ಅಪ್ಪ ಒಂದಾಟ ಆಡೋಣ ಅಂದಳು: ನೆಲದ ಮೇಲೆ ಎರಡು ಪೆನ್ಸಿಲ್ ಬಿಡುವುದು, ಯಾರದು ಮೊದಲು ಗೋಡೆ ಮುಟ್ಟುತ್ತದೋ ಅವರು ಗೆದ್ದ ಹಾಗೆ. ಎರಡೂ ಪೆನ್ಸಿಲ್ ಹಿಂದಕ್ಕೆ ಉರುಳಿದವು. ಮೂರನೆಯ ಸಲ ಉರುಳಿದಾಗ ಅವನೇ ಕೂಗಿದ, ಅರೆ, ಹಿಂದಿನ ಗಾಲಿಗಲ್ಲವೇ ಆಪು ಇಡಬೇಕಾದ್ದು ಎಂದು. ಹೌದಲ್ವಾ, ನಿಂಗೆ ಹೇಗೆ ಗೊತ್ತಾಯ್ತು ಎಂದು ಮಗಳು ಕೇಳಿದಳು. ಆ ಪ್ರಶ್ನೆ ನಿನ್ನೆ ಎಷ್ಟು ಸಿಹಿಯಾಗಿತ್ತೋ ಇವತ್ತು ಕಿಟಕಿಯ ಹತ್ತಿರ ನಿಂತು ನೆನೆದಾಗ ಅಷ್ಟೇ ಕಹಿಯಾಗಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಟ್ಯಾಂಕಿನ ಕತೆ. ಹಿಂದೆ ಬಾಡಿಗೆಗೆ ಒಯ್ದವರು ಗಾಡಿಯ ಹೊಲಸು ನೀರು ಖಾಲಿ ಮಾಡದೆ ಮರಳಿಸಿದ್ದರು, ಕೆಂಪು ದೀಪ ಉರಿಯುತ್ತಿತ್ತು. ಗೇಟಿನ ಹತ್ತಿರದ ಚರಂಡಿ ಕಟ್ಟೆಗೆ ಗಾಡಿ ಒಯ್ದು, ದಪ್ಪ ಕೊಳವೆ ಜೋಡಿಸಿ, ಮಗಳಿಗೆ ಪಾಠ ಮಾಡಿದ: ಇಲ್ಲಿ ನೋಡು, ಎರಡು ಟ್ಯಾಂಕು, ಒಂದು ಪಾತ್ರೆ ತೊಳೆದ ನೀರಿನದು, ಇನ್ನೊಂದು ಕಕ್ಕಸಿನದು, ಮೊದಲು ಪಾತ್ರೆ ನೀರು ಬಿಡುವುದು, ಅದು ಹಗುರ, ಆಮೇಲೆ ಇನ್ನೊಂದು. ಬಾಡಿಗೆ ಕೊಟ್ಟವನು ಹೇಳಿದ್ದನ್ನು ಅವನು ಗಮನವಿಟ್ಟೇ ಕೇಳಿದ್ದ, ದಾರಿಯಲ್ಲಿ ಎಲ್ಲೋ ಅದು ತಲೆಕೆಳಗಾಗಿತ್ತು. ಮಗಳು ಬಾಯಿ ತೆರೆದು, ಮೊದಲು ಅದನ್ನಲ್ವಾ, ಆಮೇಲೆ ಇದರ ನೀರಲ್ಲಿ ಕೊಳವೆ ತೊಳೆದು ಹೋಗತ್ತೆ, ಅಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡು, ನಂಗೊತ್ತಿಲ್ಲ, ಸುಮ್ನೆ ಕೇಳ್ದೆ ಅಂದಿದ್ದಳು. ಅವನು ನಕ್ಕು, ಹಾಗಲ್ಲ ಪುಟ್ಟಾ, ಎಲ್ಲಕ್ಕೂ ಒಂದು ಕ್ರಮ ಇರುತ್ತೆ ಅಂದಿದ್ದ. ಕೊಳವೆ ಬಿಚ್ಚಿದಾಗ ಅದರಲ್ಲಿ ಉಳಿದಿದ್ದೆಲ್ಲ ಅವನ ಬೂಟಿನ ಮೇಲೂ ಅವಳ ಚಪ್ಪಲಿಯ ಮೇಲೂ ಬಿತ್ತು. ಹಿಂದೆ ಸರದಿಯಲ್ಲಿದ್ದ ಗಾಡಿಯವರು ಗಾಜು ಏರಿಸಿಕೊಂಡರು. ನಲ್ಲಿಯ ಕೆಳಗೆ ಕಾಲು ಒಡ್ಡಿ ನಿಂತ ಮಗಳು, ಪರವಾಗಿಲ್ಲ ಅಪ್ಪ, ಯಾರಿಗಾದ್ರೂ ಆಗುತ್ತೆ ಅಂದಳು. ದೊಡ್ಡವರು ಚಿಕ್ಕವರಿಗೆ ಹೇಳುವ ದನಿಯಲ್ಲಿ ಅಂದಳು, ಅದನ್ನೂ ಅವನು ಪ್ರೀತಿ ಎಂದೇ ತಿಳಿದ. ಪ್ರೀತಿಯೇ ಇತ್ತು. ಅದೇ ಕಷ್ಟ.

ಅವನ ಕಸುಬು ಕಣ್ಣಿನದು. ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ, ಹಿಂದೆ ಕತ್ತಲೆಕೋಣೆ, ಅಕ್ಷರಗಳ ಪಟ್ಟಿ. ಇಪ್ಪತ್ತು ವರ್ಷ ಮಕ್ಕಳ ಸುಳ್ಳು ನೋಡಿದವನು. ಕನ್ನಡಕ ಬೇಡವಾದ ಮಕ್ಕಳು ಕೊನೆಯ ಸಾಲನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಕನ್ನಡಕ ಬೇಕಾದವರು ದೊಡ್ಡ ಅಕ್ಷರವೂ ಕಾಣದೆಂದು ಕಣ್ಣು ಕಿರಿದು ಮಾಡುತ್ತಾರೆ. ಅಂಥವರಿಗೆ ಅವನು ಪವರೇ ಇಲ್ಲದ ಬರಿ ಗಾಜು ಇಟ್ಟು, ಈಗ ಹೇಗಿದೆ ಅನ್ನುತ್ತಾನೆ. ಈಗ ಚೆನ್ನಾಗಿ ಕಾಣತ್ತೆ ಎಂದು ಮಗು ಹೇಳಿದ ಕೂಡಲೇ ವಿಷಯ ಮುಗಿಯಿತು. ಯಾವ ಮಗುವನ್ನೂ ಅವನು ಬಯಲಿಗೆಳೆದಿಲ್ಲ, ತಾಯಂದಿರಿಗೆ ಬೇರೆ ಏನೋ ಹೇಳಿ ಕಳಿಸುತ್ತಾನೆ, ಆ ಬಗ್ಗೆ ಅವನಿಗೆ ಸ್ವಲ್ಪ ಹೆಮ್ಮೆಯೂ ಇದೆ. ನಿನ್ನೆ ಇಡೀ ದಿನ ತನ್ನ ಸ್ವಂತ ಮಗಳು ಕಣ್ಣೆದುರು ಪೆನ್ಸಿಲ್ ಉರುಳಿಸುತ್ತ ಕೂತಿದ್ದಾಗ ಆ ಇಪ್ಪತ್ತು ವರ್ಷ ಎಲ್ಲಿ ಹೋಗಿತ್ತು? ಬೇಕಾದ್ದನ್ನು ಕಾಣುವ ಕಣ್ಣಿಗೆ ಬೇರೆ ರೋಗ ಬೇಡ ಎಂದು ಅವನೇ ಗಿರಾಕಿಗಳಿಗೆ ತಮಾಷೆ ಮಾಡುತ್ತಿದ್ದ.

ನೀರು ಕುದಿದು ಉಕ್ಕಿತು. ಗ್ಯಾಸು ಆರಿಸಿದ, ಕಾಫಿ ಮಾಡಲಿಲ್ಲ. ಸಂಜೆ ಐದಕ್ಕೆ ಮಗಳನ್ನು ಅವಳ ತಾಯಿಯ ಮನೆಗೆ ಬಿಡಬೇಕಿತ್ತು, ಅಷ್ಟರೊಳಗೆ ಅವಳು ಒಂದು ಮಾತು ಹೇಳಬೇಕಿತ್ತು. ತಾಯಿ ಈಗ ಮದುವೆಯಾಗಿರುವ ಮನುಷ್ಯ ಬಂದರಿನ ಇಂಜಿನಿಯರು, ಸಮುದ್ರದಾಚೆ ಕೆಲಸ ಸಿಕ್ಕಿತ್ತು, ತಿಂಗಳ ಕೊನೆಗೆ ಹೊರಡುವವರಿದ್ದರು. ಕರೆದುಕೊಂಡು ಹೋಗ್ತೀನಿ ಅಂತ ನಾನೂ ಹೇಳಲ್ಲ, ಇಟ್ಕೋತೀನಿ ಅಂತ ನೀವೂ ಹೇಳಬೇಡಿ, ಹನ್ನೆರಡು ತುಂಬಿದೆ, ಅವಳ ಬಾಯಲ್ಲೇ ಬರಲಿ ಎಂದು ತಾಯಿ ಫೋನಿನಲ್ಲಿ ಅಂದಿದ್ದಳು. ಜಗಳಗಂಟಿಯ ದನಿಯಿರಲಿಲ್ಲ, ಐದು ವರ್ಷದ ಹಿಂದೆ ಮನೆ ಬಿಟ್ಟು ಹೋಗುವಾಗಲೂ ಇರಲಿಲ್ಲ. ನಿಮ್ಮಲ್ಲಿ ಕೆಟ್ಟದ್ದೇನೂ ಇಲ್ಲ, ನೀವು ಇರೋದೇ ಇಲ್ಲ ಅಷ್ಟೆ ಎಂದು ಹೇಳಿ ಹೋಗಿದ್ದಳು. ಅವನು ಅಂಗಡಿಯ ಮೇಲಿನ ಚಿಕ್ಕ ಕೋಣೆಗೆ ಎರಡು ವಾರದ ಹಿಂದೆ ತಾನೇ ನಿಂತು ತಿಳಿಹಸಿರು ಬಣ್ಣ ಬಳಿದಿದ್ದ, ಕಿಟಕಿಯ ಹತ್ತಿರ ಮೇಜು ಹಾಕಿದ್ದ, ಯಾರಿಗೂ ಹೇಳಿರಲಿಲ್ಲ. ಮತ್ತೆ ಈ ಗಾಡಿ. ಮಗಳಿಗೆ ಐದು ವರ್ಷವಿದ್ದಾಗ ಹೆದ್ದಾರಿಯಲ್ಲಿ ಮನೆಗಾಡಿಯೊಂದನ್ನು ನೋಡಿ, ಅಪ್ಪ ಅವರು ಮನೆನೇ ತಗೊಂಡು ಹೋಗ್ತಿದಾರೆ ಎಂದು ಕುಣಿದಿದ್ದಳು. ಬರುವ ಬೇಸಿಗೆಗೆ ನಾವೂ ಹೋಗೋಣ ಅಂದ. ಆ ಬೇಸಿಗೆಯಲ್ಲಿ ಅಂಗಡಿಗೆ ಹೊಸ ಯಂತ್ರ ಬಂತು. ಮರು ಬೇಸಿಗೆಯಲ್ಲಿ ಸಹಾಯಕ ಕೈಕೊಟ್ಟ. ಪ್ರತಿ ಸಲವೂ ಕಾರಣ ನಿಜವಾದದ್ದೇ, ಒಂದೂ ಸುಳ್ಳಲ್ಲ. ನಿಜವಾದ ಕಾರಣಗಳನ್ನೇ ಒಂದರ ಮೇಲೊಂದು ಪೇರಿಸಿ ಒಂದು ಸಂಸಾರದ ಬಾಗಿಲು ಮುಚ್ಚಿಬಿಡಬಹುದು ಎಂದು ಅವನಿಗೆ ಗೊತ್ತಿರಲಿಲ್ಲ. ಏಳು ವರ್ಷ ತಡವಾಗಿ, ಆದರೂ ತಾನೇ ಮೊದಲು ಎಂಬ ಹುಮ್ಮಸ್ಸಿನಲ್ಲಿ ಗಾಡಿ ತಂದಿದ್ದ. ನಿನ್ನೆ ಗಾಡಿಯ ಮೆಟ್ಟಿಲು ಹತ್ತುತ್ತ ಮಗಳು, ಅಯ್ಯೋ ಒಳಗೆ ಒಲೆ ಕೂಡ ಇದೆ ಅಂದಿದ್ದಳು.

ನಿನ್ನೆ ಮಧ್ಯಾಹ್ನ ಇದೇ ನೀರಲ್ಲಿ ಸೊಂಟದ ಮಟ್ಟ ನಿಂತು ಅವನು ಅವಳಿಗೆ ಈಜು ಕಲಿಸಿದ. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಕಾಲು ಬಡಿ, ಹೆದರಬೇಡ, ನಾನಿದೀನಿ ಅನ್ನುತ್ತಿದ್ದ. ಅವಳು ಕಾಲು ಬಡಿದಳು, ಅವನ ಕತ್ತು ಹಿಡಿದುಕೊಂಡಳು, ಎರಡು ಸಲ ನೀರನ್ನೂ ಕುಡಿದು ಕೆಮ್ಮಿದಳು. ಬಿಡಬೇಡ ಅಪ್ಪ, ಬಿಡಬೇಡ. ಬಿಡಲ್ಲ ಪುಟ್ಟಾ. ಇಷ್ಟು ಸುಖ ಯಾವಾಗ ಪಟ್ಟಿದ್ದೆ ಎಂದು ಅವನು ರಾತ್ರಿ ಮಲಗಿಕೊಂಡು ಲೆಕ್ಕ ಹಾಕಿದ್ದ. ಅಂಗೈಗೆ ಇನ್ನೂ ಆ ಭಾರ ನೆನಪಿತ್ತು, ಭಾರವೆಂದರೆ ಭಾರವಲ್ಲ, ಎಲೆ ಕೂತ ಹಾಗೆ. ಈಜು ಬಾರದವರ ಮೈ ಹಾಗೆ ಕೂರುವುದಿಲ್ಲ, ಮುದುಡಿ ಗುಂಡುಕಲ್ಲಾಗಿ ಕೈ ಜಗ್ಗುತ್ತದೆ. ಅದು ಅಂಗೈಗೆ ನಿನ್ನೆಯೇ ಗೊತ್ತಾಗಿತ್ತೇನೋ. ಅಂಗೈ ಹೇಳಲಿಲ್ಲ.

ಅವನು ಟವೆಲ್ ತೆಗೆದುಕೊಂಡು ಇಳಿದ. ಟವೆಲ್ ಯಾಕೆಂದು ಅವನಿಗೇ ತಿಳಿಯದು. ಕೈಯಲ್ಲೇನಾದರೂ ಇದ್ದರೆ ನಡೆಯಲು ಒಂದು ಕಾರಣ ಇರುತ್ತದೆ. ಪಕ್ಕದ ಜಾಗದ ಗಾಡಿಯ ಅಜ್ಜಿ ಹಸಿರು ಮಡಿಚುಕುರ್ಚಿಯಲ್ಲಿ ಕಾಲು ಚಾಚಿ ಕೂತು ಟೀ ಕುಡಿಯುತ್ತಿದ್ದಳು. ರಿಟೈರಾದ ನರ್ಸು ಎಂದು ನಿನ್ನೆ, ಮಗಳು ಗಾಡಿಯೊಳಗಿದ್ದಾಗ, ಅಜ್ಜಿಯ ಗಂಡ ಪರಿಚಯ ಹೇಳಿದ್ದ, ಅಜ್ಜಿ ಊರಿನಿಂದ ರಾತ್ರಿ ಬರುವವಳಿದ್ದಳು. ಅವಳು ಕೆರೆಯ ಕಡೆ ಗಲ್ಲ ಎತ್ತಿ ತೋರಿಸಿ, ಹುಡುಗಿ ಎಷ್ಟು ಉದ್ದ ಆಗಿದಾಳೆ, ಹೋದ ಬೇಸಿಗೇಲಿ ನನ್ನ ಭುಜಕ್ಕೆ ಬರ್ತಿದ್ಲು ಅಂದಳು. ಅವನು ಹೂಂ ಅಂದ. ತೆಪ್ಪದ ಮೇಲಿನ ಹುಡುಗಿ ಎದ್ದು ನಿಂತು, ಕೈ ಜೋಡಿಸಿ, ತಲೆ ಕೆಳಗಾಗಿ ನೀರಿಗೆ ಹಾರಿದಳು.

"ಅವಳ ಪಪ್ಪ ಬರಲಿಲ್ವಾ ಈ ಸಲ?" ಎಂದಳು ಅಜ್ಜಿ. "ಹತ್ತು ದಿನವೂ ಆ ಮನುಷ್ಯ ನೀರಲ್ಲೇ ನಿಂತಿದ್ರು ನೋಡಿ. ಇವರಿಗೆ ಇನ್ನು ಬೇರು ಬಿಡುತ್ತೆ ಅಂತ ನಮ್ಮನೆಯವರು ನಗ್ತಿದ್ರು. ಕಲಿಸಿದ್ದು ಕಲಿಸಿದ್ದೇ. ಆ ತೆಪ್ಪ ಮೊದಲ ಸಲ ಮುಟ್ಟಿದಾಗ ಪಾರ್ಕಿನವರೆಲ್ಲ ಚಪ್ಪಾಳೆ ಹೊಡೆದ್ವಿ. ಆವತ್ತಿಂದ ಅವಳಿಗೆ ಕ್ಯಾಪ್ಟನ್ ಅಂತ ಹೆಸರು." ಅವನು ಟವೆಲನ್ನು ಒಂದು ಭುಜದಿಂದ ಇನ್ನೊಂದಕ್ಕೆ ಹಾಕಿಕೊಂಡ. ಮನೆಯಲ್ಲಿ, ಅಂದರೆ ತಾನು ಕರೆದುಕೊಂಡು ಬರುವ ಭಾನುವಾರಗಳಲ್ಲಿ, ಮಗಳು ಆ ಮನುಷ್ಯನನ್ನು ಅಂಕಲ್ ಅನ್ನುತ್ತಿದ್ದಳು, ಅದೂ ಅಪರೂಪಕ್ಕೆ. ಅಂಕಲ್ ಆ ವಿಷಯಕ್ಕೆಲ್ಲ ಬರಲ್ಲಪ್ಪ, ಅವರ ಪಾಡಿಗೆ ಅವರಿರ್ತಾರೆ. ಒಂದು ವರ್ಷದಿಂದ ಒಂದು ಹೆಸರನ್ನು ಬಾಗಿಲಾಚೆ ಬಿಟ್ಟು, ಇನ್ನೊಂದನ್ನು ಹಾಕಿಕೊಂಡು ಒಳಗೆ ಬರುತ್ತಿತ್ತು ಆ ಮಗು. ಅಜ್ಜಿ ಅವನ ಮುಖವನ್ನೇ ನೋಡುತ್ತಿದ್ದಳು. "ನೀವು ಸೋದರಮಾವ ಅಲ್ವಾ? ಮೂಗು ನೋಡಿದ್ರೇ ಗೊತ್ತಾಗುತ್ತೆ, ಅಚ್ಚು ಹೊಡೆದ ಹಾಗಿದೆ."

"ಹೌದು," ಅಂದ ಅವನು.

ಆ ಹೌದು ಎಲ್ಲಿಂದ ಬಂತೆಂದು ನಂತರ ಎಷ್ಟು ಹುಡುಕಿದರೂ ಸಿಗಲಿಲ್ಲ. ಅಲ್ಲ, ನಾನೇ ಅಪ್ಪ ಅಂದಿದ್ದರೆ ಅಜ್ಜಿ ಟೀ ಕಪ್ಪು ಕೆಳಗಿಟ್ಟು ಅಯ್ಯೋ ಅನ್ನುತ್ತಿದ್ದಳು. ಆಮೇಲೆ ಹೇಳಬೇಕಾದ ಕತೆ ಉದ್ದವಿತ್ತು. ಆ ಕತೆಯಲ್ಲಿ ನೀರಲ್ಲಿ ನಿಂತವನು ಒಬ್ಬ, ಅಂಗಡಿಯಲ್ಲಿ ನಿಂತವನು ಇನ್ನೊಬ್ಬ. ಹೌದು ಅಂದದ್ದರಿಂದ ಎಲ್ಲ ಸಲೀಸಾಯಿತು. ಸೋದರಮಾವ ಅಂದರೆ ತಪ್ಪಿತಸ್ಥನಲ್ಲ, ಬಂದಷ್ಟು ಲಾಭ. ಒಳ್ಳೇದು, ತಂಗಿ ಮಗಳನ್ನ ಕರ್ಕೊಂಡು ಬರೋ ಅಷ್ಟು ಬಿಡುವು ಈ ಕಾಲದಲ್ಲಿ ಯಾರಿಗಿದೆ ಎಂದು ಅಜ್ಜಿ ಹೊಗಳಿದಳು. ಅವನು ನಕ್ಕ. ನಕ್ಕದ್ದು ನಿಜವಾದ ನಗುವೇ ಆಗಿತ್ತೆಂಬುದು ಅವನಿಗೆ ಹೇಸಿಗೆ ಹುಟ್ಟಿಸಿತು. ದಡದಲ್ಲಿ ಅಪ್ಪ ನಿಂತದ್ದು ಅಷ್ಟರಲ್ಲಿ ಮಗಳಿಗೆ ಕಂಡಿರಬೇಕು. ನೀರಿನ ನಡುವೆ ಅವಳ ಕೈಗಳು ತಡೆದವು. ಕಾಲು ನೆಲಕ್ಕೆ ಸಿಗುವಷ್ಟು ಈಚೆ ಬಂದು ಎದ್ದು ನಿಂತಳು. ಅಲ್ಲಿಂದ ತೋಳುಗಳನ್ನು ಎರಡೂ ಕಡೆ ಚಾಚಿ, ಜಾರುವವಳ ಹಾಗೆ, ಒಂದೊಂದೇ ಹೆಜ್ಜೆ ಇಡುತ್ತ ದಡಕ್ಕೆ ನಡೆದಳು. ಚಳಿಗೋ ಏನೋ ಹಲ್ಲು ಕಟಕಟ ಅನ್ನುತ್ತಿತ್ತು. ಸುಮ್ನೆ ಕಾಲು ಒದ್ದೆ ಮಾಡ್ಕೊಳ್ಳೋಣ ಅಂತ ಬಂದೆ, ಆಳಕ್ಕೆ ಹೋಗಲಿಲ್ಲ ಅಂದಳು. ಕೂದಲಿನಿಂದ ನೀರು ಸುರಿಯುತ್ತಿತ್ತು. ಅವನು ಟವೆಲ್ ಹೊದಿಸಿ ತಲೆ ಒರೆಸಿದ, ಒಬ್ಬಳೇ ಹೋಗಬಾರದು, ಆಳ ಗೊತ್ತಾಗಲ್ಲ ಅಂದ. ಆಯ್ತಪ್ಪ ಅಂದಳು. ಟವೆಲಿನ ಒಳಗಿನಿಂದ ಬಂದ ಆ ದನಿಯಲ್ಲಿ ನೆಮ್ಮದಿಯಿತ್ತು.

ತಿಂಡಿಗೆ ಬ್ರೆಡ್ಡು ಸುಟ್ಟು ಮೊಟ್ಟೆ ಹುರಿದ. ಗಾಡಿಯ ಹೊರಗೆ ಮಡಿಚುಮೇಜು ಹಾಕಿ ಇಬ್ಬರೂ ಕೂತರು. ಏನೂ ಆಗಿಲ್ಲ, ಹೀಗೇ ಹೋಗಬಹುದು ಎಂದು ಅವನು ಲೆಕ್ಕ ಹಾಕುತ್ತಿದ್ದ. ಅವಳಿಗೆ ಈಜು ಬರುತ್ತದೆಂದು ನನಗೆ ಗೊತ್ತಿಲ್ಲ, ನನಗೆ ಗೊತ್ತೆಂದು ಅವಳಿಗೆ ಗೊತ್ತಿಲ್ಲ. ಹೊರಡುವ ಮೊದಲು ಮತ್ತೊಮ್ಮೆ ನೀರಿಗಿಳಿಯಬಹುದು, ಈ ಸಲ ಸ್ವಲ್ಪ ಬೇಗ ಕಲಿತಳೆಂದು ಇಬ್ಬರೂ ಸಂತೋಷಪಡಬಹುದು. ಹೀಗೆ ಎಷ್ಟೋ ಮನೆಗಳು ನಡೆಯುತ್ತವೆ. ಅಷ್ಟರಲ್ಲಿ ಅಜ್ಜಿ ಕಲ್ಲಂಗಡಿಯ ಹೋಳುಗಳಿದ್ದ ತಟ್ಟೆ ಹಿಡಿದು ಚಪ್ಪಲಿ ಎಳೆಯುತ್ತ ಬಂದಳು. ಅವನಿಗೆ ಎದ್ದು ಎದುರು ಹೋಗಬೇಕೆನಿಸಿತು. ಮೊಣಕಾಲು ಮೇಜಿನ ಕಾಲಿಗೆ ತಗುಲಿ ಕಾಫಿ ಚೆಲ್ಲಿತು. ಅದನ್ನು ಒರೆಸುತ್ತಿದ್ದಾಗ ಅಜ್ಜಿ ಹೇಳಿದ್ದು ಕೇಳಿಸಿತು.

"ಏನ್ ಕ್ಯಾಪ್ಟನ್, ನನ್ನ ಮರೆತೇ ಬಿಟ್ಯಾ? ತಗೋ, ನಿಮ್ಮ ಮಾವಂಗೂ ಕೊಡು. ಪುಣ್ಯ ಮಾಡಿದೀಯ ಬಿಡು, ಇಂಥ ಸೋದರಮಾವ ಸಿಗಬೇಕಲ್ಲ. ಪಪ್ಪಂಗೆ ಅಜ್ಜಿ ಕೇಳಿದ್ರು ಅಂತ ಹೇಳು."

ಮಗಳು ಅಜ್ಜಿಯನ್ನು ನೋಡಲಿಲ್ಲ. ಅಪ್ಪನನ್ನು ನೋಡಿದಳು. ಮೂಗಿನ ತುದಿ ಮೊದಲು ಕೆಂಪಾಗುತ್ತದೆ ಅವಳಿಗೆ, ಹುಟ್ಟಿದಾಗಿನಿಂದ. ಅವನು ಬಟ್ಟೆ ಹಿಂಡಿದ, ಹಿಂಡಿದ್ದನ್ನೇ ಮತ್ತೆ ಹಿಂಡಿದ. ಇವರು ನನ್ನಪ್ಪ ಎಂದು ಅವಳು ಹೇಳಿಬಿಡಲಿ ಎಂದು ಒಂದು ಕ್ಷಣ ಬೇಡಿಕೊಂಡ, ಹೇಳದಿರಲಿ ಎಂದು ಮರುಕ್ಷಣ. ಅವಳು ತಟ್ಟೆ ತೆಗೆದುಕೊಂಡು, ಹೇಳ್ತೀನಿ ಅಜ್ಜಿ ಅಂದಳು. ಅಜ್ಜಿ ಅವಳ ಒದ್ದೆ ತಲೆ ತಟ್ಟಿ, ಶೀತ ಆದೀತು ಎಂದು ಹೇಳಿ ಹೋದಳು. ಮಗಳು ತಟ್ಟೆಯನ್ನು ಅವನ ಕಡೆ ಸರಿಸಿ, ತಗೋ ಅಂದಳು. ಅಪ್ಪ ಎಂದೂ ಅನ್ನಲಿಲ್ಲ, ಮಾವ ಎಂದೂ ಅನ್ನಲಿಲ್ಲ. ಇಬ್ಬರೂ ಹಣ್ಣು ತಿಂದರು. ಬೀಜಗಳನ್ನು ತಟ್ಟೆಯ ಅಂಚಿಗೆ ಉಗುಳಿದರು. ಆಚೆ ಗಾಡಿಯ ಮಕ್ಕಳು ಗಾಳಿಚೆಂಡು ಊದಲು ಹೋಗಿ ಯಾರದು ದೊಡ್ಡ ಬಾಯಿ ಎಂದು ಜಗಳವಾಡುತ್ತಿದ್ದರು. ಅವಳು ಏನೋ ಹೇಳಲು ಹೊರಟಳು; ಅವನು ಅದಕ್ಕೆ ಮೊದಲೇ ಎದ್ದು, ತಟ್ಟೆ ಒಣಗಿದರೆ ಮೊಟ್ಟೆ ಹೋಗುವುದಿಲ್ಲ, ತೊಳೆದುಬಿಡೋಣ ಅಂದ.

ಒಳಗೆ ಪಾತ್ರೆ ತೊಳೆಯುವ ತೊಟ್ಟಿ ಬೋಗುಣಿಯಷ್ಟು, ಇಬ್ಬರು ನಿಂತರೆ ಭುಜಕ್ಕೆ ಭುಜ ತಾಗುತ್ತದೆ. ಅವನು ತೊಳೆದು ಕೊಟ್ಟದ್ದನ್ನು ಅವಳು ಒರೆಸಿ, ಕಪಾಟಿನ ಬಾಗಿಲು ತೆರೆದು, ಚಲಿಸುವಾಗ ಬೀಳದಂತೆ ಅಡ್ಡಪಟ್ಟಿಯ ಹಿಂದೆ ಸಿಕ್ಕಿಸಿ, ಚಿಲಕ ಹಾಕುತ್ತಿದ್ದಳು. ನಿನ್ನೆ ಆ ಚಿಲಕ ಎಲ್ಲಿದೆ ಎಂದು ಅವನನ್ನೇ ಕೇಳಿದ್ದಳು. ಮೂರನೆಯ ತಟ್ಟೆ ಒರೆಸುತ್ತ, ಅವನ ಕಡೆ ತಿರುಗದೆ, "ಅಪ್ಪ, ನಾನು ನಿನ್ನ ಜೊತೆನೇ ಇರ್ತೀನಿ," ಅಂದಳು. "ಅಮ್ಮಂಗೆ ಇವತ್ತು ನಾನೇ ಹೇಳ್ತೀನಿ."

ಎರಡು ತಿಂಗಳಿಂದ ಈ ಮಾತನ್ನು ಅವನು ಬಗೆಬಗೆಯಾಗಿ ಕೇಳಿಸಿಕೊಂಡಿದ್ದ: ಅಂಗಡಿಯ ಷಟರ್ ಎಳೆಯುವಾಗ, ಕೋಣೆಗೆ ಬಣ್ಣ ಬಳಿಯುವಾಗ. ಯಾವ ಸಲವೂ ಅದು ತಟ್ಟೆ ಒರೆಸುತ್ತ ಬಂದಿರಲಿಲ್ಲ. ನೀರು ಹರಿಯುತ್ತಲೇ ಇತ್ತು, ನಲ್ಲಿ ನಿಲ್ಲಿಸಬೇಕೆಂದು ತೋಚಲಿಲ್ಲ. ಹೂಂ ಅಂದರೆ ಮುಗಿಯಿತು. ಮೇಜು ಕಿಟಕಿಯ ಹತ್ತಿರವಿದೆ, ಶಾಲೆಯ ಬಸ್ಸು ಅಂಗಡಿಯ ಎದುರೇ ನಿಲ್ಲುತ್ತದೆ. ಆಮೇಲೆ ಈ ಹುಡುಗಿ ದಿನವೂ ಬೆಳಗ್ಗೆ ಎದ್ದು ಏನನ್ನೆಲ್ಲ ಮರೆಯಬೇಕಾಗುತ್ತದೆ? ಈಜು ಮರೆತಳು, ಚಿಲಕ ಮರೆತಳು, ಒಬ್ಬ ಮನುಷ್ಯನನ್ನು ಕರೆಯುವ ಹೆಸರು ಮರೆತಳು. ತನ್ನ ಮನೆಯಲ್ಲಿರಬೇಕೆಂದರೆ ಬಂದದ್ದನ್ನೆಲ್ಲ ಬಾರದು ಅನ್ನುತ್ತ, ನಕ್ಕದ್ದನ್ನೆಲ್ಲ ನಕ್ಕಿಲ್ಲ ಅನ್ನುತ್ತ ಇರಬೇಕು. ಅವಳು ಇರುತ್ತಾಳೆ, ಅವಳ ಕೈಲಿ ಆಗುತ್ತದೆ, ಅದೇ ಭಯ. ಹದಿನೈದಕ್ಕೆ, ಹದಿನೆಂಟಕ್ಕೆ, ಅಪ್ಪನಿಗೆ ಗೊತ್ತಾಗದ ಹಾಗೆ ಅಪ್ಪನನ್ನು ಸಾಕುತ್ತ ಇರುತ್ತಾಳೆ. ಇಷ್ಟನ್ನೆಲ್ಲ ಅವನು ಯೋಚಿಸಿದನೋ, ಅಥವಾ ಕಲ್ಲಂಗಡಿಯ ತಟ್ಟೆ ಸರಿಸಿದಾಗ ಅಪ್ಪ ಅನ್ನದೆ ಬಿಟ್ಟಳಲ್ಲ ಎಂಬ ಒಂದು ತೊಟ್ಟು ಸೇಡು ಕೂಡ ಅದರಲ್ಲಿ ಬೆರೆತಿತ್ತೋ, ಖಚಿತವಾಗಿ ಹೇಳಲಾರ. ಪಪ್ಪ ಎಂಬ ಎರಡಕ್ಷರ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಇತ್ತು. ಅವಳನ್ನು ಬಿಟ್ಟುಕೊಡುವುದು ಬೇರೆ, ಅವಳು ಬಿಟ್ಟುಹೋಗುವ ಮೊದಲು ತಾನೇ ಬಿಡುವುದು ಬೇರೆ. ಎರಡೂ ಒಂದೇ ಮಾತಿನಲ್ಲಿ ಹೊರಬರುತ್ತವೆ. ಇನ್ನೊಂದೂ ಅವನಿಗೆ ತಿಳಿದಿತ್ತು. ನಿನ್ನ ಒಳ್ಳೆಯದಕ್ಕೇ ಹೋಗು ಅಂದರೆ ಅವಳು ಹೋಗುವುದಿಲ್ಲ. ಪಾಪ ಅಪ್ಪ ಎಂದು ಇನ್ನೂ ಹತ್ತಿರ ಬರುತ್ತಾಳೆ. ಅವಳಿಗೆ ಪಾಪ ಅನ್ನಿಸಬಾರದು.

"ಬೇಡ," ಅಂದ. "ನನಗೆ ಆಗಲ್ಲ."

ಅವಳು ತಿರುಗಿದಳು. ಯಾಕೆ ಎಂದು ಕೇಳಿದಳು. ಅಜ್ಜಿ ನಿಂಗೆ ಎಲ್ಲ ಹೇಳಿದಾರೆ ಅಂತ ನಂಗೆ ಗೊತ್ತಾಯ್ತು ಅಪ್ಪ, ನಾನು ಬೇಕು ಅಂತ ಸುಳ್ಳು ಹೇಳಲಿಲ್ಲ, ನಿಂಗೆ ಬೇಜಾರಾಗತ್ತೆ ಅಂತ, ಎಂದು ಶುರುಮಾಡಿದಳು. ಅವನು ಕೈ ಎತ್ತಿ ತಡೆದ. ನೊರೆ ಮೊಣಕೈಯಿಂದ ಇಳಿಯುತ್ತಿತ್ತು. ಅಂಗಡಿಯಲ್ಲಿ, ಹೊಸ ಗಿರಾಕಿಗೆ ಚೌಕಟ್ಟುಗಳ ದರ ಹೇಳುವಾಗಿನ ಸಮ ದನಿ ಬಂತು.

"ಅದಕ್ಕಲ್ಲ. ಒಬ್ನೇ ಇದ್ದು ನಂಗೆ ಅಭ್ಯಾಸ ಆಗೋಗಿದೆ. ಬೆಳಗ್ಗೆ ಎದ್ರೆ ರಾತ್ರಿ ತನಕ ಅಂಗಡಿ. ಮೇಲಿನ ರೂಮು ಸಾಮಾನಿಗೆ ಬೇಕು. ಎರಡು ದಿನ ಅಂದ್ರೆ ಸರಿ, ದಿನಾ ಮಗು ನೋಡ್ಕೊಳ್ಳೋದು ನನ್ ಕೈಲಾಗೋ ಕೆಲಸ ಅಲ್ಲ. ನಿಜ ಹೇಳ್ಬೇಕಂದ್ರೆ ಈ ಎರಡು ದಿನಕ್ಕೇ ಸಾಕಾಗಿದೆ."

ಅವನು ಇಷ್ಟು ಹೊತ್ತು ನಲ್ಲಿಯನ್ನೇ ನೋಡಿ ಮಾತಾಡಿದ್ದ. ಅವಳು ನಂಬಲಾರಳು ಎಂಬ ಆಸೆ ಒಳಗೆಲ್ಲೋ ಇತ್ತು; ಇಷ್ಟು ಜಾಣೆ, ಇಡೀ ದಿನ ತನ್ನನ್ನು ಕಣ್ಣುಕಟ್ಟಿ ಆಡಿಸಿದವಳು, ಒಂದು ಒರಟು ಸುಳ್ಳನ್ನು ಗುರುತಿಸದೆ ಇರುತ್ತಾಳೆಯೇ, ಹೋಗಪ್ಪ ಸುಳ್ಳುಗಾರ ಎಂದು ಒದ್ದೆ ಬಟ್ಟೆಯಲ್ಲಿ ಹೊಡೆಯುವುದಿಲ್ಲವೇ. ತಲೆ ಎತ್ತಿ ನೋಡಿದ. ಅವಳು ನಂಬಿದ್ದಳು. ಐದು ವರ್ಷವಿದ್ದಾಗಿನಿಂದ ಒಂದೊಂದು ಬೇಸಿಗೆಯೂ ಅವಳಿಗೆ ಅಪ್ಪನಿಗೆ ಬಿಡುವಿಲ್ಲ ಎಂದೇ ಹೇಳಿಕೊಟ್ಟಿತ್ತು. ಅವನು ಹೇಳಿದ್ದು ಹೊಸ ಮಾತಾಗಿರಲಿಲ್ಲ, ಅವಳಿಗೆ ಮೊದಲೇ ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳಿದ್ದು ಅಷ್ಟೆ. ಮುಖದಲ್ಲಿ ಅಳು ಇರಲಿಲ್ಲ. ಸರಿ ಅಂದಳು. ಕೈಯಲ್ಲಿದ್ದ ತಟ್ಟೆಯನ್ನು ಒರೆಸಿ ಮುಗಿಸಿ ಕಪಾಟಿಗೆ ಸೇರಿಸಿದಳು. ಹಾಗಾದ್ರೆ ಈಗಲೇ ಹೊರಡೋಣ, ಐದರ ತನಕ ಯಾಕೆ ಅಂದಳು.

ಅವನಿಗೆ ಮಾಡಲು ಏನೂ ಉಳಿಯಲಿಲ್ಲ. ಅವಳು ಯಾರನ್ನೂ ಏನೂ ಕೇಳದೆ ಕರೆಂಟಿನ ಕೇಬಲ್ ಕಿತ್ತು ಮೊಣಕೈ ಮೇಲೆ ಸುತ್ತಿದಳು, ಬಿಸಿಲುಪರದೆಯ ಕಾಲುಗಳನ್ನು ಮಡಿಚಿ ಹಿಡಿ ತಿರುಗಿಸಿ ಒಳಗೆ ಎಳೆದಳು, ಗ್ಯಾಸಿನ ಕೀಲಿ ಮುಚ್ಚಿದಳು, ಒಳಗೆ ಹೋಗಿ ಕಿಟಕಿಗಳನ್ನೆಲ್ಲ ಎಳೆದು ನೋಡಿದಳು. ಅಜ್ಜಿಯ ಗಂಡ ರೇಡಿಯೋ ತಗ್ಗಿಸಿ, ಇಷ್ಟು ಬೇಗಾನಾ ಕ್ಯಾಪ್ಟನ್ ಎಂದು ಕೇಳಿದ. ನಮ್ಮಪ್ಪಂಗೆ ಕೆಲಸ ಇದೆ ತಾತ ಎಂದು ಅವಳು ಗಟ್ಟಿಯಾಗಿ ಹೇಳಿದಳು. ಅಜ್ಜಿ ಕುರ್ಚಿಯಿಂದ ಅರ್ಧ ಎದ್ದು, ಬಾಯಿ ತೆರೆದು, ಅವನನ್ನೂ ಅವನ ಮೂಗನ್ನೂ ನೋಡಿ, ಹಾಗೇ ಕೂತಳು. ಅವನು ಸ್ಟೀರಿಂಗ್ ಮುಂದೆ ಕೂತ. ನಾಲ್ಕು ತಾಸಿನ ದಾರಿಯಲ್ಲಿ ಮಗಳು ಎರಡು ಸಲ ಮಾತಾಡಿದಳು, ಎರಡೂ ಸಲ ದಾರಿಯ ಬಗ್ಗೆ. ತಾಯಿಯ ಮನೆಯ ಮುಂದೆ ಗಾಡಿ ನಿಂತಾಗ ಬಾಗಿಲು ತೆರೆದವನು ಇಂಜಿನಿಯರು. ಅಡಿಗೆ ಮಾಡುತ್ತಿದ್ದನೋ ಏನೋ, ಹೆಗಲ ಮೇಲೆ ಬಟ್ಟೆಯಿತ್ತು. ಅವನು ಗಾಡಿಯ ಗಾಲಿಗಳನ್ನೂ ಅಪ್ಪನ ಮುಖವನ್ನೂ ನೋಡಿ, ಒಳಗೆ ಬನ್ನಿ ಎಂದು ಕರೆದ. ನಿಜವಾಗಿಯೇ ಕರೆದ. ಮಗಳು ಅವನ ಪಕ್ಕದಿಂದ ತೂರಿ ಒಳಗೆ ಹೋದಳು; ಒಳಗಿನಿಂದ ಒಂದು ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಬಂತು. ಅಪ್ಪ ಅಂಗಡಿ ಇದೆ ಎಂದು ಹೇಳಿ ಹೊರಟ. ಅಂದು ಭಾನುವಾರ, ಅಂಗಡಿ ಮುಚ್ಚಿತ್ತು.

ಅವರು ಮೂವರೂ ತಿಂಗಳ ಕೊನೆಯಲ್ಲಿ ಹೊರಟರು. ಅವನು ಮಾಡುತ್ತಿದ್ದ ಫೋನನ್ನು ಮಗಳು ಮೊದಲ ಸಲ ಎತ್ತಿದ್ದು ಒಂದೂವರೆ ವರ್ಷದ ನಂತರ.